ಪ್ಯಾಸ್ಕಲ್ ಭಾಷೆಯಲ್ಲಿ ಪರೋಕ್ಷವಾದ ಕರೆ: ಒಂದು ಚಾರಿತ್ರಿಕ ವಿವೇಚನೆ

ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಓದಬೇಕೆಂದು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ ಅದರಲ್ಲಿ ಹರಿಹರ ತಾಲ್ಲೂಕೆಂಬ ವಿಭಾಗವೇ ಸಿಕ್ಕುವುದಿಲ್ಲ. ಸಂಪುಟವು ಸಿದ್ಧವಾದ ಕಾಲದಲ್ಲಿ ಹರಿಹರವು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿಗೆ ಸೇರಿದ್ದುದರಿಂದ ಅಲ್ಲಿಯ ಶಾಸನಗಳು ದಾವಣಗೆರೆಯ ಸಾಲಿನಲ್ಲಿಯೇ ಅಂಕಿತವಾಗಿವೆ. ಹೊಯ್ಸಳ ದಂಡನಾಥನಾದ ಪೊಲಾಳ್ವನು ಕ್ರಿ.ಶ. ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ಈ ಗುಡಿಯನ್ನು ಕುರಿತು ಬರೆಯುವವರು ಇಂದಿಗೂ 'ದಾವಣಗೆರೆ' ಎಂಬ ಸಂಕೇತವನ್ನೂ ಒಂದು ಅಂಕೆಯನ್ನೂ ಕೊಟ್ಟು ಸುಮ್ಮನಾಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾವು ಇಬ್ಬರು ವಿದ್ಯಾರ್ಥಿಗಳಿಗೆ ಈ ಸಂಕೇತವನ್ನಷ್ಟೇ ಬರೆದುಕೊಟ್ಟು ಕಳುಹಿಸಿದೆವು. ಅವರು ಒಂದು ಹಗಲನ್ನೆಲ್ಲ ದಾವಣಗೆರೆಯ ಹಳೆಯ ಪೇಟೆಯಲ್ಲಿ ವಿಚಾರಿಸುತ್ತ ಕಳೆದು ಬರಿಗೈಯಲ್ಲಿ ಹಿಂದಿರುಗಿದರು. ತಪ್ಪು ಅವರದಲ್ಲ, ನಮ್ಮದು. ಸಂಕೇತವು ಶಾಸನವಲ್ಲ, ಶಾಸನವಿರುವ ಎಡೆಯನ್ನು ತೋರಿಸುವ ಕೈಮರ ಮಾತ್ರ. ಕೈಮರವನ್ನು ನಂಬಿ ನಡೆಯುವವನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಅದು ತೋರಿಸುವ ಕಡೆ ಇರುವುದು ನಾವು ಹುಡುಕುವ ಜಾತಿಯ ವಸ್ತುವೆ? ಆ ವಸ್ತುವು ಇನ್ನೂ ಅಲ್ಲಿ ಉಳಿದಿದೆಯೆ?

ಈ ಎರಡು ಪ್ರಶ್ನೆಗಳೇ ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ರಚಿಸುವವರನ್ನೂ ಬಹುಕಾಲ ಕಾಡಿದುವೆಂಬುದು ಇತಿಹಾಸದ ಅಧ್ಯಾಪಕರಾದ ನಮಗೆ ತಡವಾಗಿ ತಿಳಿಯಿತು. ದಾವಣಗೆರೆಯಲ್ಲಿ ೧೯೫೧ರಿಂದ ಒಂದು, ೧೯೭೯ರಿಂದ ಮತ್ತೊಂದು ಎಂಜಿನಿಯರಿಂಗ್ ಕಾಲೇಜು ನಡೆದುಬಂದಿವೆ. ಈ ಊರಿನಲ್ಲಿ ಕಂಪ್ಯೂಟರ್ ಭಾಷೆಗಳನ್ನು ಬಲ್ಲವರಿಗೆ ಕೊರತೆಯಿಲ್ಲ. ಅವುಗಳ ಚರಿತ್ರೆಯನ್ನು ಕೇಳುವವರು ಮಾತ್ರ ವಿರಳ. ಪ್ರಕೃತ ಲೇಖನದಲ್ಲಿ ನಾವು ವಿಚಾರ ಮಾಡಹೊರಟಿರುವುದು ಒಂದು ಸಣ್ಣ ವಿಷಯವನ್ನು. ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ಒಂದು ಕಾರ್ಯವಿಧಿಯನ್ನು ಅದರ ಹೆಸರು ಹಿಡಿದು ಕರೆಯದೆ, ಅದರ ವಿಳಾಸವನ್ನು ಇಟ್ಟುಕೊಂಡ ಪಾಯಿಂಟರಿನ ಮೂಲಕ ಕರೆಯುವ ಪದ್ಧತಿಯು ಮೊದಲು ಏಕಿರಲಿಲ್ಲ, ಮುಂದೆ ಹೇಗೆ ಬಂದಿತು, ಎಂಬುದೇ ಆ ವಿಷಯ. ಅದು ಮೊದಲು ಇರದಿದ್ದುದನ್ನು ಭಾಷೆಯ ನ್ಯೂನತೆಯೆಂದು ಬರೆಯುವುದು ವಾಡಿಕೆ. ಅದು ನ್ಯೂನತೆಯಲ್ಲ, ತಿಳಿದು ಮಾಡಿದ ನಿರಾಕರಣೆಯೆಂದು ನಮಗೆ ತೋರುತ್ತದೆ.

ಪರಿಭಾಷೆಯ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತು. ಕಾರ್ಯವಿಧಿ, ಎಂದರೆ ಪ್ರೊಸೀಜರು, ಹೆಸರಿಟ್ಟು ಒಂದೆಡೆ ಬರೆದಿಟ್ಟ ಆಜ್ಞೆಗಳ ಸಮೂಹ. ಪ್ರೋಗ್ರಾಮಿನ ಬೇರೆ ಭಾಗದಲ್ಲಿ ಆ ಹೆಸರನ್ನು ಬರೆದರೆ ಯಂತ್ರವು ಅಲ್ಲಿಗೆ ಹೋಗಿ ಆ ಆಜ್ಞೆಗಳನ್ನು ನೆರವೇರಿಸಿ ಬಿಟ್ಟ ಸ್ಥಳಕ್ಕೆ ಹಿಂದಿರುಗುತ್ತದೆ. ಇದು ನೇರವಾದ ಕರೆ. ಹೋಗಬೇಕಾದ ಸ್ಥಳವನ್ನು ಭಾಷಾಂತರ ಮಾಡುವ ಕಂಪೈಲರು ಮೊದಲೇ ಗೊತ್ತುಮಾಡಿರುತ್ತದೆ. ಪರೋಕ್ಷವಾದ ಕರೆಯಲ್ಲಾದರೋ ಆ ಸ್ಥಳದ ವಿಳಾಸವು ಸ್ಮೃತಿಯ ಒಂದು ಕೋಶದಲ್ಲಿರುತ್ತದೆ. ಯಂತ್ರವು ಓಡುತ್ತಿರುವಾಗಲೇ ಆ ಕೋಶವನ್ನು ನೋಡಿ, ಅಲ್ಲಿ ಆಗ ಏನಿದೆಯೋ ಅಲ್ಲಿಗೆ ಹೋಗುತ್ತದೆ. ಇದರ ಪ್ರಯೋಜನ ಸ್ಪಷ್ಟ. ಅಂಕೆಗಳನ್ನು ಅನುಕ್ರಮವಾಗಿ ಜೋಡಿಸುವ ವಿಧಿಯನ್ನು ಒಮ್ಮೆ ಬರೆದಿಟ್ಟು, ಎರಡರಲ್ಲಿ ಯಾವುದು ಮೊದಲೆಂದು ನಿರ್ಣಯಿಸುವ ಕೆಲಸವನ್ನು ಮಾತ್ರ ಸಂದರ್ಭಕ್ಕೆ ತಕ್ಕ ಬೇರೊಂದು ವಿಧಿಗೆ ಒಪ್ಪಿಸಬಹುದು. ನಮ್ಮ ದಾನಶಾಸನಗಳೂ ಈ ಕ್ರಮವನ್ನು ಅರಿಯದವಲ್ಲ. ದಾನವನ್ನು ಮುಂದೆ ಕಾಪಾಡಬೇಕಾದ ಅರಸನ ಹೆಸರು ಶಾಸನವನ್ನು ಬರೆಸಿದವನಿಗೆ ತಿಳಿಯದು. ಆದ್ದರಿಂದ ಆಗ ಆ ಪೀಠದಲ್ಲಿ ಯಾರಿರುವರೋ ಅವರನ್ನೇ ಅದು ಸಂಬೋಧಿಸುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಉಚಿತವಲ್ಲ.

ಕರೆಯ ಚರಿತ್ರೆಯು ಹಿಂದಿರುಗುವ ದಾರಿಯ ಚಿಂತೆಯಿಂದಲೇ ಆರಂಭವಾಗುತ್ತದೆ. ೧೯೪೯ರ ಮೇ ತಿಂಗಳಲ್ಲಿ ಕೇಂಬ್ರಿಜಿನ ಎಡ್ಸ್ಯಾಕ್ ಯಂತ್ರವು ಕೆಲಸಕ್ಕೆ ತೊಡಗಿದಾಗ, ಒಂದೇ ವಿಧಿಯನ್ನು ಹಲವು ಎಡೆಗಳಿಂದ ಕರೆದರೆ ಅದು ಯಾವ ಎಡೆಗೆ ಮರಳಬೇಕೆಂಬ ತೊಡಕು ಉಂಟಾಯಿತು. ಡೇವಿಡ್ ವೀಲರ್ ಎಂಬ ತರುಣನು ಕಂಡುಹಿಡಿದ ಉಪಾಯವೆಂದರೆ, ಕರೆಯುವವನೇ ತನ್ನ ಸ್ಥಳವನ್ನು ತಿಳಿಸುವುದು, ಕರೆಯಲ್ಪಟ್ಟ ವಿಧಿಯು ತನ್ನ ಕೊನೆಯ ಆಜ್ಞೆಯನ್ನು ಅದಕ್ಕನುಗುಣವಾಗಿ ತಿದ್ದಿಕೊಳ್ಳುವುದು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ೧೯೫೧ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕ್ರಮವು ಹೊರಗಿನವರಿಗೂ ಪರಿಚಿತವಾಯಿತು. ಬರುವ ದಾರಿಯು ಹೀಗೆ ಪರೋಕ್ಷವಾಯಿತು. ಹೋಗುವ ದಾರಿಯನ್ನೂ ಪರೋಕ್ಷಗೊಳಿಸುವ ಆಸೆ ಅದರ ಬೆನ್ನಲ್ಲಿಯೇ ಹುಟ್ಟಿದ್ದು ಸಹಜ.

೧೯೬೦ರ ಆಲ್ಗಾಲ್ ಭಾಷೆಯಲ್ಲಿ ಒಂದು ವಿಧಿಯನ್ನು ಇನ್ನೊಂದಕ್ಕೆ ಆರ್ಗ್ಯುಮೆಂಟಾಗಿ ಒಪ್ಪಿಸಬಹುದಾಗಿತ್ತು. ವಿಧಿಯೊಳಗೆ ವಿಧಿಯನ್ನು ಹುದುಗಿಸಿ ಬರೆಯುವ ಸ್ವಾತಂತ್ರ್ಯವೂ ಅಲ್ಲಿತ್ತು. ಎರಡೂ ಒಂದೆಡೆ ಸೇರಿದಾಗ ತೊಡಕು ಹೆಚ್ಚುತ್ತದೆ. ಒಳಗಿನ ವಿಧಿಯು ಹೊರಗಿನದರ ಚರಗಳನ್ನು ಬಳಸಿಕೊಳ್ಳುತ್ತದೆಯಾದ್ದರಿಂದ ಅದನ್ನು ಬೇರೆಯವರಿಗೆ ಒಪ್ಪಿಸುವಾಗ ಅದರ ವಿಳಾಸವೊಂದನ್ನೇ ಕೊಟ್ಟರೆ ಸಾಲದು. ಅದು ಯಾವ ಪರಿಸರದಲ್ಲಿ ನಡೆಯಬೇಕೆಂಬುದನ್ನೂ ಜತೆಗೆ ಕೊಡಬೇಕು. ಈ ಜೋಡಿಯನ್ನು ಸರಿಯಾಗಿ ನಿರ್ವಹಿಸಬಲ್ಲ ಕಂಪೈಲರುಗಳು ಯಾವುವೆಂದು ಪರೀಕ್ಷಿಸಲು ಡೊನಾಲ್ಡ್ ಕ್ನೂತ್ ಅವರು ೧೯೬೪ರಲ್ಲಿ ಕೆಲವೇ ಸಾಲುಗಳ ಒಂದು ಪ್ರೋಗ್ರಾಮನ್ನು ಪ್ರಕಟಿಸಿದರು. ಉತ್ತರವು ಋಣ ೧೨೧ ಇರಬಹುದೆಂದು ಅವರೇ ಊಹಿಸಿದ್ದರು. ನಿಜವಾದ ಉತ್ತರ ಋಣ ೬೭. ಪರೀಕ್ಷಕನೇ ಎಡವಿದ ಈ ಪ್ರಸಂಗವು ವಿಷಯದ ಕಾಠಿಣ್ಯವನ್ನು ತಿಳಿಸಲು ಸಾಕು.

ಜೂರಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ನಿಕ್ಲಾಸ್ ವಿರ್ತ್ (೧೯೩೪–೨೦೨೪) ಅವರು ಪ್ಯಾಸ್ಕಲನ್ನು ರೂಪಿಸಿದುದು ಈ ಹಿನ್ನೆಲೆಯಲ್ಲಿ. ಮೊದಲ ಕಂಪೈಲರು ೧೯೭೦ರಲ್ಲಿ ಸಿದ್ಧವಾಯಿತು; ಭಾಷೆಯ ವಿವರಣೆ ೧೯೭೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಯಿಂಟರುಂಟು, ಆದರೆ ಕಟ್ಟುಪಾಡಿನ ಪಾಯಿಂಟರು. ಪ್ರತಿಯೊಂದೂ ಒಂದೇ ಜಾತಿಯ ವಸ್ತುವನ್ನು ತೋರಿಸತಕ್ಕದ್ದು. ಆ ವಸ್ತುವಾದರೂ 'ನ್ಯೂ' ಎಂಬ ಆಜ್ಞೆಯಿಂದ ಹೊಸದಾಗಿ ಹುಟ್ಟಿದ್ದಾಗಿರತಕ್ಕದ್ದು. ಇರುವ ಒಂದು ಚರದ ವಿಳಾಸವನ್ನಾಗಲಿ ವಿಧಿಯ ವಿಳಾಸವನ್ನಾಗಲಿ ತೆಗೆದುಕೊಳ್ಳುವ ಚಿಹ್ನೆಯೇ ಭಾಷೆಯಲ್ಲಿರಲಿಲ್ಲ. ಅದೇ ಕಾಲದಲ್ಲಿ ಅಮೆರಿಕೆಯಲ್ಲಿ ಬೆಳೆದ ಸಿ ಭಾಷೆಯು ವಿಧಿಯ ವಿಳಾಸವನ್ನು ಯಾವ ಚರದಲ್ಲಿ ಬೇಕಾದರೂ ಇಟ್ಟುಕೊಳ್ಳಲು ಅವಕಾಶವಿತ್ತಿತು. ಸಿ ಭಾಷೆಯಲ್ಲಿ ವಿಧಿಯೊಳಗೆ ವಿಧಿಯಿಲ್ಲದ ಕಾರಣ ಪರಿಸರದ ತೊಡಕು ಅಲ್ಲಿ ಹುಟ್ಟಲೇ ಇಲ್ಲವೆಂಬುದನ್ನು ಈ ಎರಡನ್ನು ಹೋಲಿಸುವವರು ಮರೆಯುತ್ತಾರೆ.

ವಿರ್ತರು ಪರೋಕ್ಷವಾದ ಕರೆಯನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ. ಆಲ್ಗಾಲಿನಲ್ಲಿದ್ದಂತೆ, ವಿಧಿಯನ್ನು ವಿಧಿಗೆ ಒಪ್ಪಿಸುವ ಮಾರ್ಗವನ್ನು ಉಳಿಸಿಕೊಂಡರು. ನಿರಾಕರಿಸಿದುದು ಅದನ್ನು ಚರದಲ್ಲಿ ಕೂಡಿಡುವುದನ್ನು. ಈ ಎರಡಕ್ಕೂ ಏನು ವ್ಯತ್ಯಾಸ? ನಮ್ಮ ವಾದದ ತಿರುಳು ಇಲ್ಲಿದೆ. ಮನೆಯ ಯಜಮಾನನು ತಾನು ಮನೆಯಲ್ಲಿರುವಾಗ ಅಡಿಗೆಯವನನ್ನು ಕರೆದು, 'ಉಗ್ರಾಣದ ಹುಡುಗನನ್ನು ನಿನಗೆ ಒಪ್ಪಿಸಿದ್ದೇನೆ, ಬೇಕಾದುದನ್ನು ತರಿಸಿಕೊ' ಎಂದರೆ ಬಾಧೆಯಿಲ್ಲ. ಅಡಿಗೆ ಮುಗಿಯುವವರೆಗೆ ಯಜಮಾನನೂ ಉಗ್ರಾಣವೂ ಅಲ್ಲಿಯೇ ಇರುತ್ತವೆ. ಅದೇ ಹುಡುಗನ ಗುರುತನ್ನು ಊರ ಚಾವಡಿಯಲ್ಲಿ ಬರೆದಿಟ್ಟು, ಯಜಮಾನನು ಮನೆಯನ್ನು ಕೆಡವಿ ಹೋದ ಬಳಿಕ ಯಾರೋ ಅವನನ್ನು ಕರೆದು 'ಅಕ್ಕಿ ತಾ' ಎಂದರೆ? ಹುಡುಗನು ಹೋಗಿ ನೋಡುವ ಸ್ಥಳದಲ್ಲಿ ಉಗ್ರಾಣವಿಲ್ಲ. ಬೇರೊಬ್ಬನ ದನದ ಕೊಟ್ಟಿಗೆಯಿರಬಹುದು. ಪ್ಯಾಸ್ಕಲಿನಲ್ಲಿ ಹೊರಗಿನ ವಿಧಿಯು ಮುಗಿದೊಡನೆ ಅದರ ಚರಗಳಿದ್ದ ಜಾಗವು ಬೇರೆ ಕೆಲಸಕ್ಕೆ ಸಲ್ಲುತ್ತದೆ. ಒಪ್ಪಿಸಲ್ಪಟ್ಟ ವಿಧಿಯ ಬಳಕೆಯು ಒಪ್ಪಿಸಿದವನ ಆಯುಸ್ಸನ್ನು ಎಂದೂ ಮೀರಲಾರದು. ಚರದಲ್ಲಿಟ್ಟ ವಿಧಿಯು ಮೀರಬಲ್ಲದು. ಹಿಂದೆ ಕೇಳಿದ ಎರಡನೆಯ ಪ್ರಶ್ನೆ, ವಸ್ತುವು ಇನ್ನೂ ಅಲ್ಲಿದೆಯೆ ಎಂಬುದು, ಒಪ್ಪಿಸುವ ಕ್ರಮದಲ್ಲಿ ಕೇಳಬೇಕಾದುದೇ ಇಲ್ಲ.

ಇದು ನಮ್ಮ ಕಲ್ಪನೆಯೆಂದು ಆಕ್ಷೇಪಿಸಬಹುದು. ವಿರ್ತರು ಮುಂದೆ ಮಾಡಿದುದೇ ಇದಕ್ಕೆ ಸಾಕ್ಷಿ. ಪ್ಯಾಸ್ಕಲಿನ ತರುವಾಯ ಅವರೇ ರೂಪಿಸಿದ ಮಾಡ್ಯುಲ–೨ ಭಾಷೆಯಲ್ಲಿ (ಅದರ ಗ್ರಂಥ ೧೯೮೨ರಲ್ಲಿ ಪ್ರಕಟವಾಯಿತು) ವಿಧಿಗಳನ್ನು ಚರದಲ್ಲಿಡಲು ಅನುಮತಿಯುಂಟು. ಆದರೆ ಹಾಗೆ ಇಡುವ ವಿಧಿಯು ಬೇರೊಂದು ವಿಧಿಯ ಒಳಗೆ ಹುದುಗಿದ್ದಾಗಿರಕೂಡದೆಂಬ ಷರತ್ತಿದೆ. ಬಾಗಿಲನ್ನು ತೆರೆದವನು ಯಾವುದನ್ನು ತಡೆದು ನಿಲ್ಲಿಸಿದನೆಂಬುದರಿಂದ, ಅವನು ಮೊದಲು ಬಾಗಿಲನ್ನು ಏಕೆ ಮುಚ್ಚಿದ್ದನೆಂಬುದು ತಿಳಿಯುತ್ತದೆ. ಕಾರಣವನ್ನು ಬರೆದಿಡದ ರಾಜನ ನೀತಿಯನ್ನು ಅವನ ಮುಂದಿನ ಆಜ್ಞೆಗಳಿಂದ ಊಹಿಸುವುದು ನಮ್ಮ ಶಾಸ್ತ್ರಕ್ಕೆ ಹೊಸತಲ್ಲ.

ಹಾಗೆಂದು ವಿರ್ತರ ಕೋಟೆಯಲ್ಲಿ ಕಂಡಿಯಿರಲಿಲ್ಲವೆನ್ನಲಾಗದು. ೧೯೭೪ರಲ್ಲಿ ಯೆನ್ಸೆನ್ ಅವರೊಡನೆ ಹೊರತಂದ ಕೈಪಿಡಿಯ ಪ್ರಕಾರ, ವಿಧಿಯನ್ನು ಸ್ವೀಕರಿಸುವವನು ತನಗೆ ಬರುವುದು ಒಂದು ವಿಧಿ ಎಂದಷ್ಟೇ ಹೇಳುತ್ತಿದ್ದನು. ಆ ವಿಧಿಗೆ ಎಷ್ಟು ಆರ್ಗ್ಯುಮೆಂಟುಗಳು, ಯಾವ ಜಾತಿಯವು, ಎಂಬುದನ್ನು ಹೇಳುತ್ತಿರಲಿಲ್ಲ. ಎರಡನ್ನು ಬೇಡುವ ವಿಧಿಗೆ ಒಂದನ್ನೇ ಕೊಟ್ಟು ಕರೆದರೂ ಕಂಪೈಲರು ತಡೆಯಲಾರದಾಗಿತ್ತು. ಮೊದಲನೆಯ ಪ್ರಶ್ನೆ, ವಸ್ತುವಿನ ಜಾತಿ ಯಾವುದೆಂಬುದು, ಹೀಗೆ ಉತ್ತರವಿಲ್ಲದೆ ಉಳಿಯಿತು. ವೆಲ್ಶ್, ಸ್ನೀರಿಂಜರ್, ಹೋರ್ ಎಂಬ ವಿದ್ವಾಂಸರು ೧೯೭೭ರಲ್ಲಿ ಪ್ಯಾಸ್ಕಲಿನ ಸಂದಿಗ್ಧತೆಗಳನ್ನೂ ಅಭದ್ರತೆಗಳನ್ನೂ ಕುರಿತು ಬರೆದ ಪ್ರಬಂಧದಲ್ಲಿ ಇಂಥ ಎಡೆಗಳನ್ನು ಎತ್ತಿ ತೋರಿಸಿದರು. ೧೯೮೩ರ ಅಂತರರಾಷ್ಟ್ರೀಯ ಮಾನಕ ೭೧೮೫ ಈ ಕಂಡಿಯನ್ನು ಮುಚ್ಚಿತು: ಬರುವ ವಿಧಿಯ ಆರ್ಗ್ಯುಮೆಂಟುಗಳ ಪಟ್ಟಿಯನ್ನು ಪೂರ್ತಿಯಾಗಿ ಬರೆಯತಕ್ಕದ್ದು, ಎರಡು ಪಟ್ಟಿಗಳೂ ಹೊಂದತಕ್ಕದ್ದು.

ವಿಚಿತ್ರವೆಂದರೆ, ಮಾನಕವು ಹೊರಬಿದ್ದ ಆ ವರ್ಷದ ನವೆಂಬರಿನಲ್ಲಿಯೇ ಮಾನಕವನ್ನು ಲೆಕ್ಕಿಸದ ಒಂದು ಕಂಪೈಲರು ಪೇಟೆಗೆ ಬಂದಿತು. ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಎಂಬ ತರುಣನು ಬರೆದು, ಬೋರ್ಲ್ಯಾಂಡ್ ಸಂಸ್ಥೆಯವರು ೪೯ ಡಾಲರು ೯೫ ಸೆಂಟಿಗೆ ಮಾರಿದ ಟರ್ಬೊ ಪ್ಯಾಸ್ಕಲ್ ಅದು. ಪಠ್ಯವನ್ನು ತಿದ್ದುವ ಸಾಧನವೂ ಕಂಪೈಲರೂ ಸೇರಿ ಅದರ ಮೊದಲ ಆವೃತ್ತಿಗಳು ಸುಮಾರು ನಲವತ್ತು ಕಿಲೊಬೈಟಿನೊಳಗೆ ಅಡಗಿದ್ದುವು. ೧೯೮೪ರ ನವೆಂಬರಿನ ಕಂಪ್ಯೂಟರ್ ನೀತಿಯ ತರುವಾಯ ನಮ್ಮ ದೇಶದ ಕಾಲೇಜುಗಳಿಗೆ ಸಣ್ಣ ಕಂಪ್ಯೂಟರುಗಳು ಹೆಚ್ಚಾಗಿ ಬರತೊಡಗಿದಾಗ, ಒಂದೇ ಫ್ಲಾಪಿಯಲ್ಲಿ ಹೊತ್ತು ತರಬಹುದಾದ ಇಂಥ ಕಂಪೈಲರು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಮೊದಲ ಆವೃತ್ತಿಗಳಲ್ಲಿ, ವಿರ್ತರು ಇತ್ತಿದ್ದ ಆ ಒಂದು ಮಾರ್ಗವೂ, ಎಂದರೆ ವಿಧಿಯನ್ನು ವಿಧಿಗೆ ಒಪ್ಪಿಸುವುದೂ, ಇರಲಿಲ್ಲ. ಪ್ಯಾಸ್ಕಲಿನಲ್ಲಿ ಪರೋಕ್ಷವಾದ ಕರೆಯೇ ಇಲ್ಲವೆಂಬ ಮಾತು ಹರಡಿದುದು ಬಹುಮಟ್ಟಿಗೆ ಈ ಕಾರಣದಿಂದಲೇ ಎಂದು ನಾವು ಊಹಿಸುತ್ತೇವೆ. ಒಂದು ಕಂಪೈಲರಿನ ಕೊರತೆಯು ಭಾಷೆಯ ತಲೆಗೆ ಕಟ್ಟಲ್ಪಟ್ಟಿತು.

ಬಾಗಿಲಿಲ್ಲದ ಕಡೆ ಜನರು ಗೋಡೆ ಹಾರುತ್ತಾರೆ. ೧೯೮೭ರ ನಾಲ್ಕನೆಯ ಆವೃತ್ತಿಯಲ್ಲಿ ವಿಧಿಯ ಹೆಸರಿನ ಹಿಂದೆ ಒಂದು ಚಿಹ್ನೆಯನ್ನಿಟ್ಟು ಅದರ ವಿಳಾಸವನ್ನು ಪಡೆಯಬಹುದಾಗಿತ್ತು. ಆದರೆ ಪಡೆದ ವಿಳಾಸವನ್ನು ಕರೆಯುವ ಉಪಾಯವು ಭಾಷೆಯಲ್ಲಿರಲಿಲ್ಲ. ಅಸೆಂಬ್ಲಿ ಭಾಷೆಯ ವಿಧಿಗೆ ಅದನ್ನು ಒಪ್ಪಿಸಬೇಕು, ಇಲ್ಲವೆ 'ಇನ್‌ಲೈನ್' ಎಂಬ ಪದದ ಮುಂದೆ ಯಂತ್ರದ ಸಂಕೇತಗಳನ್ನು ಅಂಕೆಗಳಲ್ಲಿಯೇ ಬರೆಯಬೇಕು. ಬಲ್ಲವರು ಹಾಗೆಯೇ ಮಾಡಿದರು. ಪಾಯಿಂಟರೊಂದನ್ನು ಸ್ವೀಕರಿಸುವ ಪುಟ್ಟ ವಿಧಿಯನ್ನು ಬರೆದು, ಆ ಪಾಯಿಂಟರು ಕುಳಿತಿರುವ ಕೋಶದ ಮೂಲಕ ದೂರಕ್ಕೆ ಹಾರುವಂತೆ ಮೂರು ಬೈಟುಗಳ ಆಜ್ಞೆಯನ್ನು ಅದರಲ್ಲಿ ಹುದುಗಿಸಿದರು. ಆ ಕಾಲದ ಇಂಟೆಲ್ ಯಂತ್ರಗಳಲ್ಲಿ ಕರೆಗಳು ಎರಡು ಬಗೆ. ಒಂದೇ ವಿಭಾಗದೊಳಗಿನ ಹತ್ತಿರದ ಕರೆಗೆ ಹಿಂದಿರುಗುವ ವಿಳಾಸವು ೧೬ ಬಿಟ್ಟು. ವಿಭಾಗವನ್ನು ದಾಟುವ ದೂರದ ಕರೆಗೆ ೩೨ ಬಿಟ್ಟು. ಹತ್ತಿರದ ವಿಧಿಯನ್ನು ದೂರದ ಕರೆಯಿಂದ ಕರೆದರೆ, ಕರೆದವನು ಇಟ್ಟ ನಾಲ್ಕು ಬೈಟುಗಳಲ್ಲಿ ವಿಧಿಯು ಎರಡನ್ನು ಮಾತ್ರ ಎತ್ತಿಕೊಂಡು ಹಿಂದಿರುಗುತ್ತದೆ. ಉಳಿದೆರಡು ಅಲ್ಲಿಯೇ ಬಿದ್ದಿರುತ್ತವೆ. ಮುಂದಿನದೆಲ್ಲ ಪಲ್ಲಟ. ಯಂತ್ರವು ನಿಶ್ಚೇಷ್ಟಿತವಾಗಿ ನಿಲ್ಲುತ್ತದೆ, ಏಕೆಂದು ಹೇಳುವುದೂ ಇಲ್ಲ. ನಮ್ಮ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಈ ಮಾರ್ಗದಲ್ಲಿ ಉತ್ತರವಿರಲಿಲ್ಲ. ಬರೆದವನ ಎಚ್ಚರವೊಂದೇ ಕಾವಲು.

೧೯೮೮ರ ಐದನೆಯ ಆವೃತ್ತಿಯಲ್ಲಿ ಬಾಗಿಲು ತೆರೆಯಿತು. ವಿಧಿಗಳಿಗೂ ಒಂದು ಜಾತಿಯನ್ನು ಹೆಸರಿಸಿ, ಆ ಜಾತಿಯ ಚರಗಳನ್ನು ಮಾಡಿಕೊಂಡು, ಅವುಗಳಲ್ಲಿ ವಿಧಿಯನ್ನಿಟ್ಟು, ಚರದ ಹೆಸರಿನಿಂದಲೇ ಕರೆಯಬಹುದಾಯಿತು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಕಂಡವರಿಗೆ ಇದರ ಸ್ವರೂಪವನ್ನು ಹೇಳುವುದು ಸುಲಭ. ಲೇತಿನ ಉಳಿಹಿಡಿಯಲ್ಲಿ ಯಾವ ಉಳಿಯನ್ನಾದರೂ ಸಿಕ್ಕಿಸಬಹುದು, ಹಿಡಿಗೆ ಹೊಂದುವ ಕಾಂಡವಿದ್ದರೆ ಮಾತ್ರ. ಹೊಂದಿಕೆಯನ್ನು ಈಗ ಕಂಪೈಲರೇ ನೋಡಿಕೊಳ್ಳತೊಡಗಿತು. ಆದರೆ ಷರತ್ತುಗಳನ್ನು ಗಮನಿಸಬೇಕು: ಚರದಲ್ಲಿಡುವ ವಿಧಿಯು ದೂರದ ಕರೆಗೆ ಸಿದ್ಧವಾದುದಾಗಿರಬೇಕು; ಭಾಷೆಯೊಡನೆ ಬಂದ ಅಂಗಭೂತ ವಿಧಿಯಾಗಿರಕೂಡದು; ಬೇರೊಂದು ವಿಧಿಯೊಳಗೆ ಹುದುಗಿದ್ದಾಗಿರಕೂಡದು. ಮೊದಲನೆಯದು ಇಂಟೆಲ್ ಯಂತ್ರದ ಕಾಟ, ಅಷ್ಟೆ. ಕೊನೆಯದು ಮಾಡ್ಯುಲದಲ್ಲಿ ವಿರ್ತರು ವಿಧಿಸಿದ್ದ ಷರತ್ತೇ. ವಿದ್ಯಾಲಯದ ಪಂಡಿತನೂ ಪೇಟೆಯ ಕುಶಲಿಯೂ ಒಂದೇ ಗೆರೆಯ ಬಳಿ ಬಂದು ನಿಂತರು.

ಹೊಸ ಅನುಕೂಲವು ಒಂದು ಹೊಸ ಸಂದಿಗ್ಧವನ್ನೂ ತಂದಿತು. ಪ್ಯಾಸ್ಕಲಿನಲ್ಲಿ ಆರ್ಗ್ಯುಮೆಂಟುಗಳಿಲ್ಲದ ವಿಧಿಯನ್ನು ಕರೆಯಲು ಆವರಣಚಿಹ್ನೆ ಬೇಡ, ಬರಿಯ ಹೆಸರು ಸಾಕು. ಹಾಗಾದರೆ ಎರಡು ಚರಗಳು ಸಮವೆ ಎಂದು ಬರೆದಾಗ ಹೋಲಿಸುವುದು ಅವುಗಳಲ್ಲಿರುವ ವಿಳಾಸಗಳನ್ನೋ, ವಿಧಿಗಳನ್ನು ಕರೆದು ಬಂದ ಫಲಗಳನ್ನೋ? ಟರ್ಬೊ ಪ್ಯಾಸ್ಕಲ್ ಎರಡನೆಯದನ್ನು ಆರಿಸಿತು. ವಿಳಾಸಗಳನ್ನೇ ಹೋಲಿಸಬೇಕಾದರೆ ಹಿಂದಿನ ಚಿಹ್ನೆಯನ್ನು ಹಚ್ಚಬೇಕು. ಹೆಸರನ್ನೂ ವಸ್ತುವನ್ನೂ ಒಂದೆಂದು ಎಣಿಸಿದಾಗ ಆಗುವ ಗೊಂದಲವಿದು. ದಾವಣಗೆರೆಯ ಪೇಟೆಯಲ್ಲಿ ಅಲೆದ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ೧೯೮೯ರಲ್ಲಿ ಬಂದ ಆಬ್ಜೆಕ್ಟುಗಳು ವಿಧಿಗಳ ವಿಳಾಸಗಳ ಒಂದು ಕೋಷ್ಟಕವನ್ನು ತಮ್ಮೊಡನೆ ಕಟ್ಟಿಕೊಂಡು ಬಂದುವು; ಬರೆಯುವವನಿಗೆ ಕಾಣದಂತೆ ಪರೋಕ್ಷವಾದ ಕರೆಯು ನಿತ್ಯದ ವ್ಯವಹಾರವಾಯಿತು. ೧೯೯೫ರ ಡೆಲ್ಫಿಯಲ್ಲಿ, ಒಂದು ಆಬ್ಜೆಕ್ಟಿಗೆ ಸೇರಿದ ವಿಧಿಯನ್ನು ಚರದಲ್ಲಿಡಬೇಕಾದರೆ ಆ ಚರವು ಎರಡು ವಿಳಾಸಗಳನ್ನು ಹಿಡಿಯುತ್ತದೆ: ವಿಧಿಯದೊಂದು, ಆಬ್ಜೆಕ್ಟಿನದೊಂದು. ಆಲ್ಗಾಲಿನ ಕಂಪೈಲರುಗಳನ್ನು ಬರೆದವರು ಒಪ್ಪಿಸುತ್ತಿದ್ದ, ವಿಧಿ ಮತ್ತು ಪರಿಸರ ಎಂಬ ಜೋಡಿಯೇ ಮೂವತ್ತು ವರ್ಷಗಳ ಬಳಿಕ ಹೀಗೆ ಬೇರೆ ವೇಷದಲ್ಲಿ ಹಿಂದಿರುಗಿತು. ೨೦೦೯ರ ಡೆಲ್ಫಿ ಆವೃತ್ತಿಯಲ್ಲಿ ಹೆಸರಿಲ್ಲದ ವಿಧಿಗಳು ತಮ್ಮ ಸುತ್ತಲಿನ ಚರಗಳನ್ನೇ ಹಿಡಿದಿಟ್ಟುಕೊಳ್ಳುವಂತಾಯಿತು. ಆ ಚರಗಳು ಹೊರಗಿನ ವಿಧಿಯೊಡನೆ ಅಳಿಯದೆ, ಅವುಗಳನ್ನು ಹಿಡಿದವರು ಇರುವವರೆಗೂ ಉಳಿಯುತ್ತವೆ. ವಿರ್ತರು ಮುಚ್ಚಿದ್ದ ಬಾಗಿಲಿನ ಕೊನೆಯ ಅಗುಳಿಯು ಹೀಗೆ ತೆಗೆಯಲ್ಪಟ್ಟಿತು. ಬೆಲೆಯಾಗಿ, ಯಾವುದು ಎಷ್ಟು ಕಾಲ ಉಳಿಯಬೇಕೆಂಬ ಲೆಕ್ಕವನ್ನು ಯಂತ್ರವು ಓಡುತ್ತಿರುವಾಗ ಇಡಬೇಕಾಯಿತು. ೧೯೭೦ರ ಯಂತ್ರಗಳ ಮೇಲೆ ಆ ಹೊರೆಯನ್ನು ಹೊರಿಸದಿದ್ದುದಕ್ಕಾಗಿ ವಿರ್ತರನ್ನು ದೂರುವುದು ನ್ಯಾಯವೆನಿಸದು.

ಇನ್ನು ಆಕರಗಳ ಮಾತು. ಟರ್ಬೊ ಪ್ಯಾಸ್ಕಲಿನ ಹಳೆಯ ಆವೃತ್ತಿಗಳಲ್ಲಿ ೧.೦, ೩.೦೨, ೫.೫ ಎಂಬ ಮೂರನ್ನು ಬೋರ್ಲ್ಯಾಂಡಿನವರೇ ಮುಂದೆ ಬೆಲೆಯಿಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟರು. ಗೋಡೆಯನ್ನು ಹಾರಿದ ಕಾಲದ ನಾಲ್ಕನೆಯದೂ ಬಾಗಿಲನ್ನು ತೆರೆದ ಐದನೆಯದೂ ಅದರಲ್ಲಿ ಸೇರಲಿಲ್ಲ. ನಮ್ಮ ಪ್ರಕರಣಕ್ಕೆ ಬೇಕಾದುವು ಅವೇ ಎರಡು. ದಾವಣಗೆರೆ ಹರಿಹರಗಳಲ್ಲಿ ಆ ವರ್ಷಗಳಲ್ಲಿ ಕಂಪ್ಯೂಟರ್ ಕಲಿತವರ ಮನೆಯ ಅಟ್ಟಗಳಲ್ಲಿ ಪ್ರಯೋಗಶಾಲೆಯ ಹಳೆಯ ನೋಟುಬುಕ್ಕುಗಳೂ, ರಂಧ್ರದಂಚಿನ ಉದ್ದ ಕಾಗದದ ಮೇಲೆ ಅಚ್ಚಾದ ಪ್ರೋಗ್ರಾಮುಗಳೂ ಇದ್ದಾವು. ಫ್ಲಾಪಿಗಳ ಲೇಪ ಈ ವೇಳೆಗೆ ಕೆಟ್ಟಿರಬಹುದು. ಕಾಗದವು ಓದಲು ಬಂದೀತು. 'ಇನ್‌ಲೈನ್' ಎಂಬ ಪದದ ಮುಂದೆ ಅಂಕೆಗಳ ಸಾಲಿರುವ ಪುಟವೇನಾದರೂ ಯಾರಿಗಾದರೂ ಸಿಕ್ಕಿದಲ್ಲಿ, ಅದನ್ನು ರದ್ದಿಗೆ ಹಾಕುವ ಮೊದಲು ನಮ್ಮ ವಿಭಾಗಕ್ಕೆ ಒಮ್ಮೆ ತೋರಿಸಬೇಕೆಂದು ಪ್ರಾರ್ಥನೆ. ಪುಟದ ಮೇಲೆ ವರ್ಷವೂ ಊರಿನ ಹೆಸರೂ ಇದ್ದರೆ ಇನ್ನೂ ಒಳ್ಳೆಯದು.